ಹುಡುಗಿಯರ ವಸತಿಯ ಬಗ್ಗೆ ಒಂದೆರಡು ಮಾತು

ಈ ಸಭೆಯ ಅಧ್ಯಕ್ಷಸ್ಥಾನದಲ್ಲಿ ಕುಳಿತಿರುವ ಶ್ರೀಮಾನ್ ವೀರಭದ್ರಯ್ಯನವರೇ, ನಮ್ಮ ಶಾಲೆಯ ಮುಖ್ಯೋಪಾಧ್ಯಾಯರಾದ ರುದ್ರಯ್ಯನವರೇ, ಸಹೋದ್ಯೋಗಿಗಳೇ, ಮಧುಗಿರಿಯಿಂದಲೂ ಸುತ್ತಲ ಹಳ್ಳಿಗಳಿಂದಲೂ ಈ ಬಿಸಿಲಲ್ಲಿ ಬಂದಿರುವ ತಂದೆತಾಯಿಗಳೇ, ನಾಳೆಯಿಂದ ನಮ್ಮ ಬೆತ್ತಕ್ಕೆ ಸಿಗದ ವಿದ್ಯಾರ್ಥಿಗಳೇ, ವಿದ್ಯಾರ್ಥಿನಿಯರೇ, ಸಭಿಕರೇ,

ನನಗೆ ಒಪ್ಪಿಸಿರುವ ಕೆಲಸ ಚಿಕ್ಕದು. ನಮ್ಮ ಶಾಲೆಯಿಂದ ಹೋಗಿ ಈಗ ತುಮಕೂರು, ಬೆಂಗಳೂರು, ಮೈಸೂರುಗಳಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ಸೇರಿ, ಈ ವರ್ಷ ಕಾಲೇಜಿಗೆ ಹೊರಡುವವರಿಗೆಂದು ಸಲಹೆಗಳ ಒಂದು ಪುಸ್ತಿಕೆ ಬರೆದಿದ್ದಾರೆ. ಅದನ್ನು ನಾನು ಬಿಡುಗಡೆ ಮಾಡಬೇಕು. 'ಸರ್ವಮಂಗಳಮ್ಮ, ಐದು ನಿಮಿಷ ಹಿತವಾಗಿ ಮಾತಾಡಿ ಮುಗಿಸಿ' ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಐದು ನಿಮಿಷವೆಂಬುದನ್ನು ಪಾಲಿಸಲು ಯತ್ನಿಸುತ್ತೇನೆ. ಹಿತದ ವಿಚಾರ ಗೊತ್ತಿಲ್ಲ.

ಪುಸ್ತಿಕೆಯನ್ನು ಪೂರ್ತಿ ಓದಿದೆ. ಹುಡುಗರು ಚೆನ್ನಾಗಿ ಬರೆದಿದ್ದಾರೆ. ಅರ್ಜಿಯನ್ನು ಪೆನ್ಸಿಲಿನಲ್ಲಿ ಬರೆಯಬೇಡಿ, ವರ್ಗಾವಣೆ ಪತ್ರವನ್ನು ಎಂಟು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬೆವರಿನಲ್ಲಿ ನೆನೆಸಬೇಡಿ ಎಂದು ಒಬ್ಬ ಬರೆದಿದ್ದಾನೆ. ಅವನ ಪತ್ರವೇ ನೆನೆದಿತ್ತೆಂದು ನನಗೆ ಗೊತ್ತು. ಇನ್ನೊಬ್ಬನ ಪ್ರಕಾರ ಹಾಸ್ಟೆಲಿನ ಸಾರಿನಲ್ಲಿ ಬೇಳೆಯನ್ನು ಹುಡುಕುವವನು ಓದಿನಲ್ಲಿ ಹಿಂದೆ ಬೀಳುತ್ತಾನೆ. ಮತ್ತೊಬ್ಬ ಬರೆಯುತ್ತಾನೆ: ಮೊದಲ ತಿಂಗಳು ಲೆಕ್ಚರರ ಇಂಗ್ಲಿಷು ತಿಳಿಯುವುದಿಲ್ಲ, ತಲೆಯಾಡಿಸುತ್ತಿರಿ, ಎರಡನೆಯ ತಿಂಗಳಿಂದ ಅವರಿಗೇ ತಿಳಿದಿಲ್ಲವೆಂಬುದು ತಿಳಿಯುತ್ತದೆ. ನಗಿ, ನಗುವ ಮಾತೇ ಅದು. ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗ ಪೇಟೆಯಲ್ಲಿ ಹೇಗೆ ನಿಲ್ಲಬೇಕೆಂದು ಇಷ್ಟು ಪ್ರೀತಿಯಿಂದ ನಮ್ಮ ಕಾಲದಲ್ಲಿ ಯಾರೂ ಬರೆದು ಕೊಡಲಿಲ್ಲ.

ಆದರೆ ಕೊನೆಯ ಪುಟವೊಂದಿದೆ. 'ಹುಡುಗಿಯರಿಗೆ' ಎಂದು ತಲೆಬರಹ. ಅದನ್ನು ಬರೆದವನೂ ಹುಡುಗನೇ. ಹುಡುಗಿ ಬರೆಯೋಣವೆಂದರೆ ನಮ್ಮ ಶಾಲೆಯಿಂದ ಈಚೆಗೆ ಕಾಲೇಜಿಗೆ ಹೋದ ಹುಡುಗಿ ಎಲ್ಲಿದ್ದಾಳೆ? ಆ ಪುಟದಲ್ಲಿರುವುದು ಒಂದೇ ಸಲಹೆ: 'ತುಮಕೂರಿನಲ್ಲಿ ಉಳಿಯಲು ಜಾಗವಿಲ್ಲದ ನಮ್ಮ ಕಡೆಯ ಹುಡುಗಿಯರು ಚಿಂತಿಸಬೇಕಿಲ್ಲ. ವಿದ್ಯಾಭಿಮಾನಿಗಳಾದ ಶ್ರೀ ವೀರಭದ್ರಯ್ಯನವರು ತಮ್ಮ ಮನೆಯಲ್ಲಿ ಉಚಿತವಾಗಿ ಊಟ ವಸತಿ ಕೊಟ್ಟು, ಮನೆಮಗಳಂತೆ ನೋಡಿಕೊಳ್ಳುತ್ತಾರೆ.'

ಸಭಿಕರೇ, ಮನೆಮಗಳಂತೆ ನೋಡಿಕೊಳ್ಳುವುದು ಎಂದರೇನು? ಇದನ್ನು ಹೇಳಬಲ್ಲವಳು ಈ ಸಭೆಯಲ್ಲಿ ನಾನೊಬ್ಬಳೇ. ಆ ಮನೆಯಲ್ಲಿ ನಾನು ಇದ್ದೆ. ಅಧ್ಯಕ್ಷರು ನನ್ನ ತಂದೆಯ ಚಿಕ್ಕಪ್ಪನ ಮಗ, ನನಗೆ ಚಿಕ್ಕಪ್ಪ. ಪರಿಚಯ ಭಾಷಣದಲ್ಲಿ ಈ ಸಂಗತಿ ಬಿಟ್ಟುಹೋಯಿತು. ಬಿಟ್ಟವರು ಯಾರೆಂದು ನಾನು ಕೇಳುವುದಿಲ್ಲ.

ನನ್ನ ತಂದೆ ಪರ್ವತಯ್ಯನವರು ಪುರವರದ ಆಚೆಗಿನ ಒಂದು ಹಳ್ಳಿಯಲ್ಲಿ ಈಶ್ವರನ ಗುಡಿಯ ಪೂಜೆ ಮಾಡಿಕೊಂಡಿದ್ದರು. ತಾಯಿಯಿಲ್ಲದ ನನ್ನನ್ನು ಅವರೇ ತಲೆ ಬಾಚಿ ಶಾಲೆಗೆ ಕಳಿಸಿದವರು. ಐವತ್ತೆಂಟನೇ ಇಸವಿಯಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾದೆ. ಕಾಲೇಜಿನಲ್ಲಿ ಸೀಟು ಸಿಕ್ಕಿತು. ಗಂಡುಹುಡುಗರಿಗೆ ತುಮಕೂರಿನಲ್ಲಿ ಜಾತಿಗೊಂದು ಹಾಸ್ಟೆಲು. ನನಗೆ ಯಾವುದೂ ಇಲ್ಲ. ಆಗ ಚಿಕ್ಕಪ್ಪನವರು ತಾವಾಗಿಯೇ ಹಳ್ಳಿಗೆ ಬಂದರು. ಅವರದು ಹುಣಸೆಹಣ್ಣಿನ ಮಂಡಿ, ದೊಡ್ಡ ವ್ಯಾಪಾರ. 'ಅಣ್ಣಾ, ನಮ್ಮನೇಲಿ ಹೆಣ್ಮಕ್ಳಿಲ್ಲ. ಇವ್ಳು ನಮ್ಮಗ್ಳು. ನಾನು ಓದಿಸ್ತೀನಿ, ನೀನು ಚಿಂತೆ ಬುಟ್ಬುಡು' ಎಂದರು. ನನ್ನ ತಂದೆ ಕಣ್ಣೀರು ಹಾಕಿದರು. ಸಂತೋಷಕ್ಕೆ.

ಹೋದ ಮೊದಲ ವಾರ ನಾನು ನಿಜವಾಗಿಯೂ ಮಗಳೇ. ಹೊಸ ಸೀರೆ ಬಂತು. ಎರಡನೆಯ ವಾರ ಇಂದ್ರಮ್ಮ ಚಿಕ್ಕಮ್ಮನಿಗೆ ಮೈ ಭಾರವೆಂದು ತಿಳಿಯಿತು. ಕೊನೆಯ ಬಸಿರು, ಏಳುವಂತಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ, ಆಕೆ ಒಳ್ಳೆಯವರು. ಒಲೆ ನನ್ನ ಪಾಲಿಗೆ ಬಂತು. ಮನೆಯವರ ಅಡುಗೆಯಾದರೆ ಮುಗಿಸಿ ಓಡಬಹುದಿತ್ತು. ಆದರೆ ಮಂಡಿಗೆ ಬರುವ ವ್ಯಾಪಾರಿಗಳಿಗೆಲ್ಲ ಮಧ್ಯಾಹ್ನದ ಊಟ ಮನೆಯಲ್ಲೇ. ನಾನು ಪುಸ್ತಕ ಹಿಡಿದು ಹೊಸ್ತಿಲು ದಾಟುವ ಹೊತ್ತಿಗೆ ಚಿಕ್ಕಪ್ಪನವರು ಕರೆಯುವರು: 'ಇವತ್ತೊಂದಿನ ತಡ್ಕಮ್ಮ, ಪಾವಗಡದಿಂದ ಜನ ಬತ್ತಾವ್ರೆ. ಕಾಲೇಜು ನಾಳೇನೂ ಅಲ್ಲೇ ಇರ್ತದೆ.'

ಕಾಲೇಜು ಅಲ್ಲೇ ಇತ್ತು, ನಿಜ. ನಾನು ಅಲ್ಲಿರಲಿಲ್ಲ. ಇವತ್ತೊಂದಿನ, ಇವತ್ತೊಂದಿನ ಎನ್ನುತ್ತ ವರ್ಷ ಕಳೆಯಿತು.

ನನಗೆ ರಸಾಯನಶಾಸ್ತ್ರದಲ್ಲಿ ಆಸೆ. ಪ್ರಯೋಗಶಾಲೆಯ ವಾಸನೆಗೂ ಹಿಗ್ಗುತ್ತಿದ್ದೆ. ಒಂದು ಸಲ ವಾಷಿಂಗ್ ಸೋಡಾ ಕರಗಿಸಿದ ನೀರು ಕೈಮೇಲೆ ಬಿದ್ದು, ಅರಿಶಿನ ಹತ್ತಿದ್ದ ನನ್ನ ಬೆರಳೆಲ್ಲ ಕೆಂಪಾದವು. ಅರಿಶಿನಕ್ಕೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಪಾಠ ಸರಿಯಾಗಿಯೇ ಇತ್ತು. 'ಈ ಹುಡುಗಿ ಕೈಯೇ ಒಂದು ಟೆಸ್ಟ್ ಪೇಪರು' ಎಂದು ಲೆಕ್ಚರರು ತಮಾಷೆ ಮಾಡಿದರು. ತರಗತಿಯೆಲ್ಲ ನಕ್ಕಿತು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬಳು ಮಾತ್ರ ನಗಲಿಲ್ಲ. ಅವಳ ಹೆಸರು ನಜ್ಮುನ್ನೀಸಾ. ಶಿರಾದ ಕಂಬಳಿ ವ್ಯಾಪಾರಿ ಕರೀಮ್ ಸಾಬರ ಮಗಳು. ತುಮಕೂರಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಸೋದರತ್ತೆ ಕುಲ್ಸುಮ್‌ಬಿಯವರ ಮನೆಯಲ್ಲಿದ್ದಳು. 'ನಿನ್ನ ಕೈ ಯಾಕೆ ದಿನಾ ಹಿಂಗಿರ್ತದೆ?' ಎಂದು ಕೇಳಿದಳು. ಹೇಳಿದೆ. ಅಂದಿನಿಂದ ನಾನು ತಪ್ಪಿಸಿಕೊಂಡ ಪಾಠಗಳನ್ನೆಲ್ಲ ಬಿಡುವಿನಲ್ಲಿ ನನಗೆ ಹೇಳಿಕೊಡತೊಡಗಿದಳು.

ವರ್ಷದ ಕೊನೆಗೆ ನನ್ನ ಹಾಜರಿ ಸಾಲದೆ ಹೋಯಿತು. ಪ್ರಿನ್ಸಿಪಾಲರು ಕಟುಕರಲ್ಲ. ಮನೆಯಲ್ಲಿ ಬಾಣಂತನವಿತ್ತು, ಹುಡುಗಿ ಕೆಲಸಕ್ಕೆ ನಿಲ್ಲಬೇಕಾಯಿತು ಎಂದು ಪೋಷಕರು ಬಂದು ಒಂದು ಮಾತು ಹೇಳಿದರೆ ಪರೀಕ್ಷೆಗೆ ಕೂರಿಸುತ್ತೇನೆ ಎಂದರು. ಒಂದು ಮಾತು. ಚಿಕ್ಕಪ್ಪನವರು ಜರಿಪೇಟ ಸುತ್ತಿಕೊಂಡು ಬಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಹೇಳಿದ್ದು ಇದು: 'ಏನ್ ಮಾಡಾದು ಸ್ವಾಮಿ, ಓದ್ಸಾಕೆ ಅಂತ್ಲೇ ಕರ್ಕಂಬಂದೆ. ಹುಡುಗೀಗೇ ಮನಸಿಲ್ಲ. ಹೋಗಮ್ಮ ಅಂದ್ರೂ ಅಡುಗೆಮನೆ ಬುಟ್ಟು ಏಳಾಕಿಲ್ಲ.'

ಅಣ್ಣನ ಮಗಳನ್ನು ಒಲೆ ಮುಂದೆ ಕೂರಿಸಿದೆನೆಂದು ದೊಡ್ಡವರೆದುರು ಹೇಗೆ ಹೇಳುವುದು? ಮರ್ಯಾದೆಯ ಪ್ರಶ್ನೆ. ನಾನು ಸುಮ್ಮನಿರಲಿಲ್ಲ. 'ಸುಳ್ಳು ಸಾರ್, ಇವರೇ ನನ್ನ ನಿಲ್ಲಿಸ್ತಿದ್ದಿದ್ದು' ಎಂದೆ. ಪ್ರಿನ್ಸಿಪಾಲರು ನನ್ನನ್ನೂ ನೋಡಿದರು, ಪೇಟವನ್ನೂ ನೋಡಿದರು. ಪೇಟವನ್ನು ನಂಬಿದರು.

ಪರೀಕ್ಷೆ ಹೋಯಿತು. ನಾನು ಪೆಟ್ಟಿಗೆ ಹೊತ್ತು ಊರಿಗೆ ಬಂದೆ. ನನ್ನ ತಂದೆ ಎಲ್ಲವನ್ನೂ ಕೇಳಿಸಿಕೊಂಡರು. ಆ ಬೇಸಗೆಯಲ್ಲಿ ನನಗೆ ಗಂಡು ಹುಡುಕುವ ಮಾತು ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ನಜ್ಮುನ್ನೀಸಾ ತನ್ನ ಸೋದರತ್ತೆಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದಳು. ಕುಲ್ಸುಮ್‌ಬಿ ಜಗಲಿಯ ಅಂಚಿನಲ್ಲಿ ಕೂತು, ಬೆವರು ಒರೆಸಿಕೊಂಡು, ನೀರು ಕೂಡ ಕೇಳದೆ ಮಾತು ತೆಗೆದರು: 'ಪೂಜಾರ್ರೇ, ನಿಮ್ ಬೇಟೀನ ನಮ್ ಜೊತೆ ಕಳ್ಸಿ. ಮುಂದಿನ ರೂಮು ಖಾಲಿ ಐತೆ. ಅವಳ ಒಲೆ ಅವಳಿಗೆ, ನಮ್ ಒಲೆ ನಮಗೆ. ಬಾಗಿಲು ಮಾತ್ರ ಒಂದೇ.'

ಊರು ಏನೆನ್ನುತ್ತದೆಂದು ನನ್ನ ತಂದೆಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವರು ಕೇಳಿದ್ದು ಇಷ್ಟೇ: 'ಅವ್ಳು ಓದಾ ಹೊತ್ನಾಗೆ ಯಾರಾನಾ ಕೂಗ್ತಾರೇನಮ್ಮ?'

'ಯಾರ್ ಕೂಗ್ತಾರೆ? ನಾನು ಮಿಷನ್ ತುಳೀತಾ ಇದ್ರೆ ನನ್ ಕೂಗು ನನಗೇ ಕೇಳ್ಸಲ್ಲ' ಎಂದರು ಕುಲ್ಸುಮ್‌ಬಿ.

ನನ್ನ ತಂದೆ ನಕ್ಕರು. ಆ ಬೇಸಗೆಯಲ್ಲಿ ಅವರು ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ. 'ಹೋಗು ಕಣಮ್ಮ' ಎಂದರು.

ಆ ಮನೆಯಲ್ಲಿ ನಾನು ಓದಿದೆ. ಅವರು ಹೇಳಿದಂತೆಯೇ ನನ್ನ ಒಲೆ ಬೇರೆ, ನನ್ನ ಪಾತ್ರೆ ಬೇರೆ. ಅದು ನನಗಾಗಿಯಲ್ಲ, ಊರಿನವರಿಗೆ ನನ್ನ ತಂದೆ ಉತ್ತರ ಕೊಡಲು ಅನುಕೂಲವಾಗಲೆಂದು ಆಕೆ ಮಾಡಿಕೊಟ್ಟ ಏರ್ಪಾಡು. ನಾನು ಪಾಸಾದೆ. ಬಿ.ಎಸ್ಸಿ.ಗೂ ಸೇರಿದೆ. ಒಂದು ವರ್ಷ ಮುಂಚೆಯೇ ಪಾಸಾಗಿದ್ದ ನಜ್ಮುನ್ನೀಸಾ ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಇದನ್ನು ಹೇಳಲು ಈಗಲೂ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಐದು ನಿಮಿಷದಲ್ಲಿ ನಾನೂ ಮುಗಿಸುತ್ತಿದ್ದೆ. ತುಮಕೂರಿನಲ್ಲಿ ಜನ ಚಿಕ್ಕಪ್ಪನವರನ್ನು ಕೇಳತೊಡಗಿದ್ದರು: ನಿಮ್ಮ ಅಣ್ಣನ ಮಗಳು ನಿಮ್ಮ ಮನೆ ಬಿಟ್ಟು ಅಲ್ಲೇಕಿದ್ದಾಳೆ? ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದಕ್ಕಿಂತ ನಮ್ಮ ಹಳ್ಳಿಗೆ ಬರುವುದು ಅವರಿಗೆ ಸುಲಭವೆನಿಸಿತು. ಹಿರಿಯರನ್ನು ಗುಡಿಯ ಮುಂದೆ ಸೇರಿಸಿದರು. 'ಸಾಬರ ಮನೇಲಿರೋಳ ಅಪ್ಪ ಮುಟ್ಟಿದ ಬಿಲ್ವಪತ್ರೆ ಈಸ್ವರ್‍ಗೆ ಏರಿಸ್ಬೇಕೇನ್ರಪ್ಪಾ? ನೀವೇ ಯೇಳಿ' ಎಂದರು. ಹಿರಿಯರು ನನ್ನ ತಂದೆಗೆ ಹೇಳಿದರು: ಮಗಳನ್ನು ಕರೆಸಿಕೋ, ಇಲ್ಲವೆ ಪೂಜೆ ಬಿಡು.

ನನ್ನ ತಂದೆ ಗರ್ಭಗುಡಿ ತೊಳೆದು, ದೀಪಕ್ಕೆ ಎಣ್ಣೆ ಹಾಕಿ, ಬೀಗದ ಕೈಯನ್ನು ಅವರ ಮುಂದಿಟ್ಟರು. ಆಮೇಲೆ ವೈ.ಎನ್. ಹೊಸಕೋಟೆಗೆ ಹೋಗಿ ಒಂದು ಕಡಲೆಕಾಯಿ ಮಂಡಿಯಲ್ಲಿ ಮೂಟೆ ಕಾಯುವ ಕೆಲಸಕ್ಕೆ ಸೇರಿದರು. ಅಲ್ಲಿನವರ ತೆಲುಗು ಅವರಿಗೆ ಅರೆಬರೆ ತಿಳಿಯುತ್ತಿತ್ತು. 'ರಂಡಿ ಸ್ವಾಮಿ, ಕೂಚೋಂಡಿ', ಬನ್ನಿ, ಕೂತುಕೊಳ್ಳಿ ಎಂದು ಜನ ಗೌರವದಿಂದಲೇ ಕರೆಯುತ್ತಿದ್ದರು. ರಜೆಯಲ್ಲಿ ನೋಡಲು ಹೋದಾಗ, 'ಅಪ್ಪಾ, ಕಷ್ಟ ಆಗ್ತದಾ?' ಎಂದು ಕೇಳಿದೆ. 'ಏನಿಲ್ಲ ಕಣಮ್ಮ. ಬೆಳಗಿನ ಹೊತ್ತು ಕೈಗೇನೂ ಕೆಲ್ಸ ಇಲ್ದಂಗಾಯ್ತು, ಅಷ್ಟೇಯ' ಎಂದರು. ಹಾಗೆನ್ನುವಾಗ ಅವರ ಎರಡು ಬೆರಳು ತಾವಾಗಿ ಹೂವು ಬಿಡಿಸುವ ಹಾಗೆ ಆಡುತ್ತಿದ್ದವು.

ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ನನ್ನ ಡಿಗ್ರಿಯ ಫಲಿತಾಂಶ ಬರುವ ಮುಂಚೆಯೇ ಅವರು ಅಲ್ಲೇ ತೀರಿಕೊಂಡರು. ಕೊನೆಯ ಸಲ ನೋಡಿದಾಗಲೂ ಹೇಳಿದ್ದರು: 'ವೀರಭದ್ರನ ಸುದ್ದಿ ಯಾರ ಮುಂದ್ಲೂ ಎತ್ತಬ್ಯಾಡ. ಏನೇ ಆಗ್ಲಿ ನಮ್ಮೋರು.' ಆ ಮಾತನ್ನು ನಾನು ಇಂದಿನವರೆಗೆ ನಡೆಸಿಕೊಂಡು ಬಂದೆ. ಮದುವೆ ಮನೆಗಳಲ್ಲಿ ಎದುರಾದಾಗ ಅಧ್ಯಕ್ಷರ ಕಾಲಿಗೆ ನಮಸ್ಕಾರವನ್ನೂ ಮಾಡಿದ್ದೇನೆ. ಇಂದು ಆ ಮಾತನ್ನು ಮೀರಿದ್ದೇನೆ. ತಂದೆಯ ಮಾತು ಮೀರಿದವಳೆಂದು ನೀವು ಅನ್ನಬಹುದು, ಅನ್ನಿ.

ಮೀರಿದ್ದೇಕೆಂದರೆ, ಕಳೆದ ವಾರ ನಮ್ಮ ಹನುಮಕ್ಕನ ತಂದೆ ಚಿಕ್ಕನರಸಯ್ಯನವರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಹನುಮಕ್ಕ ಈ ವರ್ಷ ಗಣಿತದಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದವಳು. ಅಗೋ, ಹಿಂದೆ ಕಂಬದ ಬಳಿ ಅಪ್ಪ ಮಗಳು ಇಬ್ಬರೂ ಕೂತಿದ್ದಾರೆ. ಆತನ ಮುಖದಲ್ಲಿ ಎಂಥ ಸಂತೋಷ! 'ಮೇಡಮ್ಮೋರೆ, ಅಧ್ಯಕ್ಸರು ಅವ್ರ ಮನೇಲೇ ಮಡಿಕ್ಕಂತಾರಂತೆ, ಒಂದ್ ಪೈಸಾನೂ ಬ್ಯಾಡ್ವಂತೆ. ಇಂಥ ಪುಣ್ಯಾತ್ಮರೂ ಅವ್ರೆ ನೋಡಿ!' ಎಂದರು. ನನ್ನ ತಂದೆಯ ಮುಖವೂ ಅಂದು ಹಾಗೆಯೇ ಇತ್ತು.

ಅಧ್ಯಕ್ಷರ ಮನೆಯಲ್ಲಿ ಈಗ ಹಿರಿಯ ಸೊಸೆ ಬಸುರಿ ಎಂದು ಕೇಳಿದ್ದೇನೆ. ತಾಯಿ ಮಗು ಇಬ್ಬರೂ ಸುಖವಾಗಿರಲಿ, ಮನಸಾರೆ ಹಾರೈಸುತ್ತೇನೆ. ಆದರೆ ಚಿಕ್ಕಪ್ಪ, ಮನೆಯಲ್ಲಿ ಕೈಗೆ ಜನ ಬೇಕಿದ್ದರೆ ಸಂಬಳ ಕೊಟ್ಟು ಇಟ್ಟುಕೊಳ್ಳಿ. ಗಣಿತ ಬಲ್ಲ ಹುಡುಗಿಯನ್ನು ವಿದ್ಯಾದಾನದ ಹೆಸರಿನಲ್ಲಿ ಕರೆದುಕೊಂಡು ಹೋಗಬೇಡಿ.

ಮಾತು ಮುಗಿಸಿ ಎಂದು ಮುಖ್ಯೋಪಾಧ್ಯಾಯರು ಎರಡನೆಯ ಚೀಟಿ ಕಳಿಸಿದ್ದಾರೆ. ಸಾರ್, ನಾಳೆ ನೀವು ನನಗೆ ಏನು ಬರೆದು ಕೊಡುತ್ತೀರೋ ಕೊಡಿ, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ. ಪುಸ್ತಿಕೆಯನ್ನು ಈಗ ಬಿಡುಗಡೆ ಮಾಡಿದ್ದೇನೆ, ಕೊನೆಯ ಪುಟವೊಂದನ್ನು ಬಿಟ್ಟು. ಆ ಪುಟವನ್ನು ಹುಡುಗಿಯರೇ ಬರೆಯುವ ದಿನ ಬರಲಿ. ಅಲ್ಲಿಯವರೆಗೆ ನನ್ನ ಸಲಹೆ ಇಷ್ಟು: ತಾಯಂದಿರೇ, ಮಗಳಿಗೆ ಯಾರು ಅನ್ನ ಹಾಕುತ್ತಾರೆಂದು ಕೇಳುವ ಮೊದಲು, ಅವಳು ಪುಸ್ತಕ ಹಿಡಿದಾಗ ಯಾರು ಕೂಗುತ್ತಾರೆಂದು ಕೇಳಿ.

ನಜ್ಮುನ್ನೀಸಾ ಈಗ ತುಮಕೂರಿನಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಅವಳ ಮನೆಯ ಓಣಿಯಲ್ಲೇ ಒಂದು ಕೋಣೆ ನೋಡಿಟ್ಟಿದ್ದಾಳೆ, ಬಾಡಿಗೆಗೆ, ದಾನಕ್ಕಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾನು ಹೋಗುತ್ತಿದ್ದೇನೆ. ಚಿಕ್ಕನರಸಯ್ಯನವರೇ, ನೀವು ತಲೆ ತಗ್ಗಿಸಿಕೊಂಡಿದ್ದೀರಿ. ಈಗ ಏನೂ ಹೇಳಬೇಡಿ. ಇಷ್ಟು ಜನರ ಎದುರು ನಿಮ್ಮನ್ನು ಕೇಳುವುದು ನ್ಯಾಯವಲ್ಲ. ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ ಬನ್ನಿ. ಬರದಿದ್ದರೂ ನಾನು ಹೋಗುತ್ತೇನೆ, ಕೋಣೆಗೆ ಮುಂಗಡ ಕೊಟ್ಟು ಬರುತ್ತೇನೆ. ಈ ವರ್ಷವಲ್ಲದಿದ್ದರೆ ಬರುವ ವರ್ಷ ಯಾವುದೋ ಹುಡುಗಿಗೆ ಅದು ಬೇಕಾಗುತ್ತದೆ.

ಚಪ್ಪಾಳೆ ತಟ್ಟಿದವರಿಗೂ, ತಟ್ಟದೆ ಅಧ್ಯಕ್ಷರ ಮುಖ ನೋಡುತ್ತಿರುವವರಿಗೂ, ಎದ್ದು ಹೋಗದೆ ಕೊನೆಯವರೆಗೆ ಕೂತು ಕೇಳಿದ ನನ್ನ ಚಿಕ್ಕಪ್ಪನವರಿಗೂ ವಂದನೆ ಸಲ್ಲಿಸಿ ಕೆಳಗಿಳಿಯುತ್ತೇನೆ. ನಮಸ್ಕಾರ.