ಪಾದಪೂಜೆಯ ನಗು

ಮೂವತ್ತೆಂಟನೆಯ ಇಸವಿಯಲ್ಲಿ ಕಣ್ಣಿನ ಔಷಧಕ್ಕೆಂದು ಗೋಕಾಕದ ಸರಕಾರಿ ದವಾಖಾನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಘೋಡಗೇರಿಯ ಅತ್ತೆ, ಸೊಸೆ ಇದ್ದರು. ಅತ್ತೆ ಮುದಕವ್ವ ಎದೆ ಒತ್ತಿ ಹಿಡಿದಿದ್ದಳು.

“ಭಂಗಿ ಸೊಪ್ಪಿನ ಉಂಡಿ ತಿಂದದ್ದು ಡಾಕ್ಟರಗ ಹೇಳೂಣ್ರಿ, ಅತ್ತಿ. ಎದಿ ಇನ್ನೂ ಡವಡವ ಅನ್ನಾಕತ್ತೈತಿ.”

“ಬ್ಯಾಡ. ಆಂವ ಸರಕಾರದ ಪಗಾರದಾಂವ. ಅಬಕಾರಿಯವರಿಗೆ ತಿಳಿದರ ಹಿತ್ತಲದ ಗಿಡದ ಸಲುವಾಗಿ ನನ್ನ ಮಗಗ ಬೇಡಿ ಹಾಕ್ತಾರ.”

“ಪ್ಯಾಟ್ಯಾಗ ಗಾಂಜಾದ ಅಂಗಡಿಗೆ ಪರವಾನಗಿ ಕೊಟ್ಟವರೂ ಅವರ ಅಲ್ಲೇನ್ರಿ?”

“ಅದಕ್ಕ ಅವರ ಮ್ಯಾಲೆ ನಂಬಿಗಿ ಇಲ್ಲ. ಅಲ್ಲಿ ಕೊಂಡರ ಗಿರಾಕಿ, ಮನ್ಯಾಗ ಬೆಳೆದರ ಕಳ್ಳರು.”

“ಮೊಣಕಾಲ ನೋವಿಗೆ ಒಂದ ಉಂಡಿ ಅಂದಿದ್ನಿ. ಎರಡ್ಯಾಕ ತಿಂದ್ರಿ?”

“ಮೊದಲನೇದು ಹತ್ತಲಿಲ್ಲಂತ ಇನ್ನೊಂದು ತಿಂದೆ. ನಿನ್ನೆ ರಾತ್ರಿ ಮಠದ ಅಯ್ಯನೋರ ಪಾದಪೂಜಿಗೆ ಕುಂತ ಮ್ಯಾಲೆ ಎರಡೂ ಕೂಡೇ ಏರಿದವು.”

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಗಬ್ಯಾಡ! ಅಯ್ಯನೋರ ಹೆಬ್ಬೆರಳು ಹಿಡಕೊಂಡು ನಾನೂ ಹಿಂಗ ನಕ್ಕೆ. ಓಣಿ ಮಂದಿಗೆ ಮಾರಿ ಹೆಂಗ ತೋರಿಸಲಿ?”

“ಗಿಡಾ ನಸುಕಿನ್ಯಾಗ ಕಿತ್ತು ತಿಪ್ಪಿಯೊಳಗ ಹೂತು ಬಂದೀನ್ರಿ. ಇನ್ನರೆ ಹೇಳೂಣು. ತಿಳೀದ ಬ್ಯಾರೆ ಔಷಧ ಕೊಟ್ಟರ ನಿಮ್ಮ ಜೀವಕ್ಕ ಎರವಾದೀತು.”

ಒಳಗಿನಿಂದ ಕಂಪೌಂಡರ್ ಮುದಕವ್ವನ ಹೆಸರು ಕರೆದ. ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಎದ್ದಳು.

“ಉಂಡಿ ತಿಂದದ್ದು ಹೇಳು. ಬೇಕಾದರ ಗಿಡದ್ದೂ ಹೇಳು. ನಕ್ಕದ್ದು ಮಾತ್ರ ಹೇಳಬ್ಯಾಡ, ಗೌರಾ.”

ಸೊಸೆ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು.