ನನ್ನ ಮೆಟ್ಟಿಲಿನ ಬಿಳಿ ಗೋಡೆ

ಈ ಸಭೆಯ ಅಧ್ಯಕ್ಷರೂ ನಮ್ಮ ಭಾಗದ ವಿದ್ಯಾಸಂಸ್ಥೆಯ ಯಜಮಾನರೂ ಆದ ಶ್ರೀ ಪುಟ್ಟಮಲ್ಲಪ್ಪನವರೇ, ಈಗಷ್ಟೇ ಹಾರ ಹಾಕಿಸಿಕೊಂಡು ಅದನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಕುಳಿತಿರುವ ಸನ್ಮಾನಿತರಾದ ಶ್ರೀಮತಿ ಉಷಾರಾಣಿಯವರೇ, ಕೃಷ್ಣರಾಜನಗರದ ಯುವಕರ ಸಂಘದ ಪದಾಧಿಕಾರಿಗಳೇ, ಹಿಂದಿನ ಶಾಮಿಯಾನದಿಂದ ಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಊರಿನ ಮಕ್ಕಳಿಗೆ ಕೆಲಸ ಸಿಗುವಂತೆ ಮಾಡಿದ್ದಕ್ಕೆ ಆಕೆಗೆ ಈ ಸನ್ಮಾನ, ನನಗೆ ವಹಿಸಿರುವ ಕೆಲಸ ಅಭಿನಂದನಾ ನುಡಿ. ಅಂದರೆ ಹೊಗಳುವುದು. ಮನೆಯಿಂದ ಹೊರಡುವಾಗ ನನ್ನ ಶ್ರೀಮತಿ ಶಿವರುದ್ರಮ್ಮ ಬಾಗಿಲಿಗೆ ಬಂದು ಒಂದು ಮಾತು ಹೇಳಿದಳು. "ನೋಡ್ರೀ, ಹೊಟ್ಟೆಕಿಚ್ಚಿಟ್ಕೊಂಡು ಮಾತಾಡಕ್ಕೋಗ್ಬೇಡಿ. ಮೈಕಲ್ಲಿ ಎಲ್ಲಾ ಗೊತ್ತಾಯ್ತದೆ ಕಣ್ರೀ." ನನಗೆಲ್ಲಿಯ ಹೊಟ್ಟೆಕಿಚ್ಚು, ಸ್ವಾಮಿ? ಶಿಷ್ಯೆಗೆ ಸನ್ಮಾನವಾದರೆ ಗುರುವಿಗೆ ಸಂತೋಷವಲ್ಲವೇ? ಸಂತೋಷವೇ. ನಾನು ಸಂತೋಷದಿಂದಲೇ ಇದ್ದೇನೆ. ಸ್ವಲ್ಪ ನೀರು ಕೊಡುತ್ತೀರಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ರೇಣುಕಾಪ್ರಸಾದ್. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮಹಡಿಯ ಮೇಲೆ ಶ್ರೀ ರೇಣುಕಾ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವನು. ತೊಂಬತ್ತರ ದಶಕದಲ್ಲಿ ಈ ತಾಲ್ಲೂಕಿನಿಂದ ಕೆಲಸ ಹುಡುಕಿಕೊಂಡು ಹೋದವರೆಲ್ಲ ನಾನು ಟೈಪ್ ಮಾಡಿದ ಬಯೋಡೇಟಾ ಹಿಡಿದುಕೊಂಡೇ ಬಸ್ಸು ಹತ್ತಿದವರು. ಉಷಾರಾಣಿ ಪಿಯುಸಿ ಓದುವಾಗ ಎರಡು ಜಡೆ ಹಾಕಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದಳು. ಕ್ಷಮಿಸಬೇಕು, ಬಂದರು. ಕೀಲಿಯ ಮೇಲೆ ಬೆರಳಿಡುವುದನ್ನು ಅವರಿಗೆ ಕಲಿಸಿದವರು ಯಾರು? ಕಿರುಬೆರಳು ಸೋಲುತ್ತದೆ ಎಂದು ಅತ್ತಾಗ "ಕಿರುಬೆರಳೇ ನಿನ್ನ ಮರ್ಯಾದೆ ಉಳಿಸುತ್ತೆ ಕಣಮ್ಮ" ಎಂದವರು ಯಾರು? ಹೆಸರು ಹೇಳುವುದಿಲ್ಲ. ನೀವೇ ಊಹಿಸಿ.

ಆ ಬೆರಳುಗಳನ್ನು ತೆಗೆದುಕೊಂಡು ಆಕೆ ಏನು ಮಾಡಿದರು? ಮೈಸೂರಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದರು. ಬಂದು ಎಲ್ಲಿ ಸೈಬರ್ ಸೆಂಟರ್ ತೆರೆದರು? ಊರಿನಲ್ಲಿ ಬೇರೆ ಮಳಿಗೆಗಳೇ ಇರಲಿಲ್ಲವೇ? ಇದ್ದವು. ನನ್ನ ಇನ್‌ಸ್ಟಿಟ್ಯೂಟಿನ ಕೆಳಗೇ, ಅದೇ ಕಟ್ಟಡದ ನೆಲಮಹಡಿಯಲ್ಲಿ ತೆರೆದರು. ಪೂಜೆಯ ದಿನ ಮೊದಲ ಪ್ರಸಾದ ನನಗೇ ತಂದುಕೊಟ್ಟರು. ತಿಂದೆ. ಸಿಹಿಯಾಗಿಯೇ ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಆಕೆ ಮೇಲೆ ಬಂದು ನನಗೊಂದು ಕಟ್ಟಪ್ಪಣೆ ಮಾಡಿದರು. "ಸಾರ್, ನನ್ನ ಹೊಗಳೋದು ಬ್ಯಾಡ. ಕೆಲ್ಸ ಹುಡುಕೋರು ಇಂಟರ್‌ನೆಟ್ಟಲ್ಲಿ ಪ್ರೊಫೈಲು ಹೆಂಗೆ ಮಾಡ್ಕೋಬೇಕು ಅಂತ ಜನಕ್ಕೆ ತಿಳಿಯಂಗೆ ಹೇಳಿ ಸಾರ್. ನಮಗೆ ಪಾಠ ಮಾಡ್ತಿದ್ರಲ್ಲ, ಅಂಗೆ." ನೋಡಿ, ತನ್ನ ಅಂಗಡಿಯ ಜಾಹೀರಾತನ್ನು ನನ್ನ ಬಾಯಿಂದಲೇ ಮಾಡಿಸುವ ಜಾಣತನ! ಇರಲಿ. ಹೇಳುತ್ತೇನೆ.

ಪ್ರೊಫೈಲ್ ಎಂದರೇನು? ಬಯೋಡೇಟಾ ಇದ್ದರೆ ಅದನ್ನು ಹೊತ್ತುಕೊಂಡು ನೀವು ಆಫೀಸಿನಿಂದ ಆಫೀಸಿಗೆ ಅಲೆಯಬೇಕು. ಪ್ರೊಫೈಲ್ ಹಾಗಲ್ಲ. ಅದು ಇಂಟರ್‌ನೆಟ್ಟಿನಲ್ಲಿ ಇದ್ದಲ್ಲೇ ಇರುತ್ತದೆ, ಕೆಲಸ ಕೊಡುವವರೇ ಬಂದು ನೋಡಿಕೊಂಡು ಹೋಗುತ್ತಾರೆ. ಹೆಣ್ಣು ನೋಡಲು ಬರುತ್ತಾರಲ್ಲ, ಹಾಗೆ. ಆದರೆ ಉಪ್ಪಿಟ್ಟು ಕೇಸರಿಬಾತು ಮಾಡುವ ತೊಂದರೆ ಇಲ್ಲ. ಆ ತಾಣದಲ್ಲಿ ನಿಮ್ಮ ಕಸುಬಿನವರು, ನಿಮ್ಮ ಪರಿಚಯದವರು, ಅವರ ಪರಿಚಯದವರು ಎಲ್ಲರೂ ಒಬ್ಬರಿಗೊಬ್ಬರು ಸಿಗುತ್ತಾರೆ.

ಇದರಲ್ಲಿ ಮೊದಲು ಬೇಕಾದದ್ದು ಫೋಟೋ. ನಮ್ಮ ಚಲುವರಾಜು, ಅಗೋ ಕಂಬದ ಹತ್ತಿರ ನಗುತ್ತಿದ್ದಾನೆ, ಅವನು ಮೊದಲು ಹಾಕಿದ್ದ ಫೋಟೋ ಯಾವುದು ಗೊತ್ತೇ? ಅಣ್ಣನ ಮದುವೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಯಾರದೋ ಬೈಕಿಗೆ ಒರಗಿಕೊಂಡು ತೆಗೆಸಿದ್ದು. ಹಿಂದೆ ಅಡಿಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಕೆಲಸ ಕೊಡುವವರು ನಿಮ್ಮ ಮುಖ ನೋಡಬೇಕು. ಮುಖ ಕಾಣಬೇಕು, ಕಣ್ಣು ಕಾಣಬೇಕು, ಹಿಂದೆ ಖಾಲಿ ಇರಬೇಕು. ಖಾಲಿ ಬಿಳಿ ಗೋಡೆಯನ್ನು ಉಷಾರಾಣಿಯವರು ಎಲ್ಲಿ ಹುಡುಕಿದರು?

ನನ್ನ ಮೆಟ್ಟಿಲಿನಲ್ಲಿ, ಸ್ವಾಮಿ! ಇನ್‌ಸ್ಟಿಟ್ಯೂಟಿಗೆ ಹತ್ತಿ ಬರುವ ಮೆಟ್ಟಿಲಿನ ತಿರುವಿನಲ್ಲಿ ಒಂದು ಗೋಡೆ ಇದೆ. ಪ್ರತಿ ಯುಗಾದಿಗೆ ನಾನು ಸುಣ್ಣ ಹೊಡೆಸುವ ಗೋಡೆ. ಹುಡುಗರನ್ನೂ ಹುಡುಗಿಯರನ್ನೂ ಅಲ್ಲಿ ನಿಲ್ಲಿಸಿ ಆಕೆ ಫೋಟೋ ತೆಗೆಯುತ್ತಾರೆ. ಬೆಂಗಳೂರಿನಲ್ಲಿ, ಹೊಸೂರಿನಲ್ಲಿ, ಮೈಸೂರಿನ ಹೆಬ್ಬಾಳದಲ್ಲಿ ಈಗ ಕೆಲಸದಲ್ಲಿರುವ ನಮ್ಮೂರಿನ ಮಕ್ಕಳ ಪ್ರೊಫೈಲ್ ತೆಗೆದು ನೋಡಿ. ಅವರೆಲ್ಲರ ತಲೆಯ ಹಿಂದೆ ನನ್ನ ಗೋಡೆ ಇದೆ. ನಾನೇನು ಅದಕ್ಕೆ ಬೇಸರಪಟ್ಟವನಲ್ಲ. ಒಂದೇ ಬೇಸರ. ಮೇಲೆ ಖಾಲಿ ಬೆಂಚುಗಳ ನಡುವೆ ಕುಳಿತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಗುತ್ತಿತ್ತು. ಯಾರೋ ಟೈಪಿಂಗಿಗೆ ಸೇರಲು ಬಂದರು ಎಂದು ನಾನು ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದೆ. ಹೆಜ್ಜೆಗಳು ತಿರುವಿನವರೆಗೆ ಬಂದು ನಿಲ್ಲುತ್ತಿದ್ದವು. "ಗಲ್ಲ ಸ್ವಲ್ಪ ಮ್ಯಾಲೆತ್ತು ಕಣೋ" ಎಂಬ ಉಷಾರಾಣಿಯ ದನಿ ಕೇಳಿಸುತ್ತಿತ್ತು. ಆಮೇಲೆ ಅವೇ ಹೆಜ್ಜೆಗಳು ಕೆಳಗಿಳಿದು ಹೋಗುತ್ತಿದ್ದವು. ಹೀಗೆ ಕಾಲರ್ ಸರಿಮಾಡಿಕೊಂಡು ಕುಳಿತವನಿಗೆ ಏನೆನ್ನಿಸುತ್ತದೆ ಎಂದು ಈ ಸಭೆಯಲ್ಲಿ ಯಾರಿಗಾದರೂ ಗೊತ್ತಿದೆಯೇ?

ಅದು ಬಿಡಿ. ಎರಡನೆಯದು, ಹೆಸರಿನ ಕೆಳಗೆ ಬರುವ ಒಂದು ಸಾಲು. ನೋಡುವವರು ಅದೊಂದನ್ನು ಓದುತ್ತಾರೆ, ಹಿಡಿಸಿದರೆ ಮಾತ್ರ ಮುಂದಕ್ಕೆ. ನೀವು ಯಾರು, ನಿಮಗೇನು ಬರುತ್ತದೆ ಎಂಬುದನ್ನು ಅಲ್ಲಿ ಹೇಳಬೇಕು. ಆದರೆ ನಮ್ಮ ಕಡೆ ನೀನು ಯಾರಪ್ಪ ಎಂದು ಕೇಳಿದರೆ ಏನು ಹೇಳುತ್ತಾರೆ? ಇಂಥವರ ಮಗ, ಇಂಥವರ ಮೊಮ್ಮಗ, ಇಂಥ ಬೀದಿ. ಚಲುವರಾಜುವೂ ಹಾಗೇ ಹೇಳಿದ. "ಅದು ಬುಡು, ನಿಂಗೇನು ಬತ್ತದೆ ಯೋಳು" ಎಂದು ಆಕೆ ಕೇಳಿದರೆ "ಏನಾದ್ರೂ ಮಾಡ್ತೀನಿ ಕಣಕ್ಕ" ಎಂದ. "ಏನಾದ್ರೂ ಮಾಡೋನಿಗೆ ಯಾರೂ ಏನೂ ಕೊಡಕಿಲ್ಲ ಕಣ್ಲಾ" ಎಂದರಂತೆ. ಒಳ್ಳೆಯ ಮಾತು. ನನಗೆ ಹೊಳೆಯಬೇಕಿತ್ತು, ಅವರಿಗೆ ಹೊಳೆಯಿತು.

ಮೂರನೆಯದು, ನೀವು ಮಾಡಿದ ಕೆಲಸವನ್ನು ಇದ್ದದ್ದು ಇದ್ದಂತೆ ಬರೆಯುವುದು. ಇಲ್ಲಿ ನನ್ನ ಮೇಲೊಂದು ಅಪವಾದವಿದೆ. ನಾನು ಎಲ್ಲರಿಗೂ ಒಂದೇ ಬಯೋಡೇಟಾ ಹೊಡೆದುಕೊಡುತ್ತಿದ್ದೆನಂತೆ. ಹೌದು, ಒಂದೇ. ಶಿಸ್ತು ಎಂದರೆ ಅದೇ ಅಲ್ಲವೇ? ಹವ್ಯಾಸ ಎಂಬ ಕಡೆ ಎಲ್ಲರಿಗೂ ಪತ್ರಿಕೆ ಓದುವುದು, ಕ್ರಿಕೆಟ್ ಆಡುವುದು, ಸಮಾಜಸೇವೆ. ಹೆಣ್ಣುಮಕ್ಕಳಿಗೂ ಅಷ್ಟೇ. ಒಮ್ಮೆ ಯಾವುದೋ ಕಾರ್ಖಾನೆಯ ಇಂಟರ್‌ವ್ಯೂಗೆ ನಮ್ಮೂರಿನವರೇ ಬೆಂಚು ತುಂಬ ಹೋಗಿದ್ದರು. ಅಲ್ಲಿನ ಸಾಹೇಬರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು "ನಿಮ್ಮೂರಲ್ಲಿ ಎಲ್ಲರೂ ಸಮಾಜಸೇವೆ ಮಾಡಿದ್ರೆ ಮಾಡಿಸ್ಕೊಳ್ಳೋರು ಯಾರ್ರೀ?" ಎಂದರಂತೆ. ನಗಿ, ನಗಿ. ಆಗ ನಾನೂ ನಕ್ಕಿದ್ದೆ.

ಬೆಟ್ಟದಪುರದ ಸಣ್ಣಬೀರಯ್ಯನ ಮಗಳು ಪವಿತ್ರಾ ಮೊದಲು ಬಂದದ್ದು ನನ್ನ ಬಳಿಗೆ. ಅವರ ಮನೆಯಲ್ಲಿ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಮೇಲೆ ಎಲೆಯ ಬಣ್ಣ ನೋಡಿ, ಬೆರಳಲ್ಲಿ ಸವರಿ ದರ್ಜೆ ಬೇರೆ ಮಾಡುತ್ತಿದ್ದವಳು ಅವಳೇ. ಅದನ್ನೂ ಬರೆಯಲಾ ಎಂದು ಕೇಳಿದಳು. "ಅದೆಲ್ಲಾ ಬರೀಬಾರ್ದು ಕಣಮ್ಮ, ಹಳ್ಳಿಯೋಳು ಅಂತಾರೆ" ಎಂದೆ. ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವಳು ಕೆಳಗಿಳಿದು ಹೋದಳು. ಉಷಾರಾಣಿ ಅದನ್ನೇ ಹೆಸರಿನ ಕೆಳಗೆ ಹಾಕಿದರು. ಬಣ್ಣದ ಸಣ್ಣ ವ್ಯತ್ಯಾಸ ಗುರುತಿಸಿ ಸರಕು ವಿಂಗಡಿಸುವ ಅನುಭವ, ಅಂತ. ಮೈಸೂರಿನಲ್ಲಿ ಬಟ್ಟೆಯ ಬಣ್ಣ ಪರೀಕ್ಷಿಸುವವರು ಕರೆದು ಕೆಲಸ ಕೊಟ್ಟರು. ಅದೃಷ್ಟ. ಅದೃಷ್ಟವೂ ಇರಬೇಕು, ಅಲ್ಲವೇ? ಮೊದಲ ಸಂಬಳದಲ್ಲಿ ಆ ಹುಡುಗಿ ತಂದ ಮೈಸೂರುಪಾಕಿನ ಡಬ್ಬಿ ನೆಲಮಹಡಿಯಲ್ಲೇ ಖಾಲಿಯಾಯಿತು. ಮೇಲಕ್ಕೆ ವಾಸನೆ ಬಂತು.

ಸಭಿಕರೇ, ಊರಿಗೆಲ್ಲ ಗೊತ್ತಿರುವುದನ್ನು ನಾನು ಮುಚ್ಚಿಡುವುದಿಲ್ಲ. ಕಳೆದ ಯುಗಾದಿಗೆ ನನ್ನ ಇನ್‌ಸ್ಟಿಟ್ಯೂಟಿನ ಬೋರ್ಡು ಇಳಿಸಿದೆ. ಕೊಠಡಿ ಬಿಟ್ಟಿಲ್ಲ, ಈಗಲೂ ದಿನಾ ಹೋಗಿ ಕೂರುತ್ತೇನೆ. ಪುಟ್ಟಮಲ್ಲಪ್ಪನವರ ಸಂಸ್ಥೆ ಬೆಟ್ಟದಪುರದಲ್ಲಿ ಉದ್ಯೋಗ ತರಬೇತಿ ಕೇಂದ್ರ ತೆರೆಯುತ್ತಿದೆ, ಅಲ್ಲಿಗೊಬ್ಬ ಮೇಷ್ಟ್ರು ಬೇಕು. ನಾನು ಅರ್ಜಿ ಹಾಕಿದ್ದೇನೆ. ಈ ವಯಸ್ಸಿನಲ್ಲಿ ನನಗೆ ಬೇರೆ ಏನೂ ಬರುವುದಿಲ್ಲ, ಆ ಕೆಲಸ ನನಗೆ ಬೇಕು. ಆದರೆ ಆ ಜಾಗ ಉಷಾರಾಣಿಗೇ ಅಂತೆ ಎಂದು ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಲ್ಲೂ ಮಾತು. ಈ ಸನ್ಮಾನವೂ ಅದಕ್ಕೇ ಪೀಠಿಕೆಯಂತೆ. ಹಾಗಿದ್ದರೆ ಪೀಠಿಕೆ ಹಾಕಲು ನಾನೇ ಆಗಬೇಕಿತ್ತೇ?

ಅರ್ಜಿಯ ಜೊತೆ ಇಂಟರ್‌ನೆಟ್ ಪ್ರೊಫೈಲೂ ಇರಬೇಕು ಎಂದು ಸಂಸ್ಥೆಯ ಗುಮಾಸ್ತರು ಹೇಳಿದರು. ಊರಿಗೆಲ್ಲ ಬಯೋಡೇಟಾ ಹೊಡೆದುಕೊಟ್ಟ ನಾನು ಕೆಳಗಿಳಿದು ಹೋಗಿ ಆಕೆಯ ಮುಂದೆ ಕುಳಿತೆ. ನನ್ನ ಗೋಡೆಗೇ ನನ್ನನ್ನು ನಿಲ್ಲಿಸಿದರು. "ಗಲ್ಲ ಸ್ವಲ್ಪ ಮ್ಯಾಲೆತ್ತಿ ಸಾರ್" ಎಂದರು. ಎತ್ತಿದೆ. ಆಮೇಲೆ ಆ ಒಂದು ಸಾಲಿಗೆ ಬಂದು "ನೀವು ಯಾರು ಅಂತ ಹಾಕ್ಲಿ ಸಾರ್?" ಎಂದು ಕೇಳಿದರು. ನನ್ನ ಬಾಯಿಂದ ಏನು ಬಂತು ಗೊತ್ತೇ? "ನಾನು ಜವಳಿ ಅಂಗಡಿ ರುದ್ರಪ್ಪನವರ ಮಗ." ಆಕೆ ನಗಲಿಲ್ಲ. ನಕ್ಕಿದ್ದರೆ ಎದ್ದು ಬರಬಹುದಿತ್ತು. ಸುಮ್ಮನೆ ಬೆರಳಾಡಿಸಿ ಒಂದು ಸಾಲು ಹೊಡೆದರು. "ಕೈಗೆ ಕೆಲಸ ಕಲಿಸುವ ಮೇಷ್ಟ್ರು." ಕಿರುಬೆರಳು ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಅದನ್ನು ನೋಡಿದೆ.

ಇನ್ನು ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರೊಫೈಲಿನ ಕೆಳಭಾಗದಲ್ಲಿ ಒಂದು ಜಾಗವಿದೆ. ಅಲ್ಲಿ ನೀವು ಬರೆಯುವ ಹಾಗಿಲ್ಲ. ನಿಮ್ಮ ಕೆಲಸ ಬಲ್ಲವರು ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯಬೇಕು. ಅದಿಲ್ಲದಿದ್ದರೆ ಮೇಲಿನದೆಲ್ಲ ನಿಮ್ಮ ಬಾಯಿಮಾತು ಅಷ್ಟೆ. ಉಷಾರಾಣಿಯವರದನ್ನು ತೆಗೆದು ನೋಡಿ. ಓದುತ್ತಾ ಹೋದರೆ ಬೆರಳು ನೋಯುತ್ತದೆ, ಅಷ್ಟು ಜನ ಬರೆದಿದ್ದಾರೆ. ನಾನು ದಿನಾ ನೋಡುತ್ತೇನೆ. ನನ್ನದರಲ್ಲಿ ಆ ಜಾಗ ಖಾಲಿ. ನನ್ನ ಹಳೆಯ ಶಿಷ್ಯರಿಗೆ ಕಂಪ್ಯೂಟರ್ ಬರುವುದಿಲ್ಲ, ಕಂಪ್ಯೂಟರ್ ಬರುವವರು ನನ್ನ ಶಿಷ್ಯರಲ್ಲ.

ಎರಡೂ ಆದವರು ಉಷಾರಾಣಿ ಒಬ್ಬರೇ. ನಾಚಿಕೆ ಬಿಟ್ಟು ಒಂದು ದಿನ ಆಕೆಯನ್ನೇ ಕೇಳಿದೆ. ಎರಡು ಸಾಲು ಬರೀತೀಯೇನಮ್ಮ ಎಂದೆ. ಆಕೆ ಏನೆಂದರು? "ನಾನು ಬರೆದ್ರೆ ಯಾರು ಓದ್ತಾರೆ ಸಾರ್? ಪುಟ್ಟಮಲ್ಲಪ್ಪನೋರು ಕಂಪ್ಯೂಟರ್ ಮುಟ್ಟೋರಲ್ಲ. ಕಿವೀಲಿ ಕೇಳಿದ್ರೆ ಮಾತ್ರ ಅವ್ರು ನಂಬೋದು. ಸ್ವಲ್ಪ ತಡೀರಿ." ನುಣುಚಿಕೊಂಡಳು ಎಂದುಕೊಂಡೆ. ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಇಷ್ಟು ಕಲಿಸಿದವನಿಗೆ ಎರಡು ಸಾಲು ಬರೆಯಲಾರದವಳಿಗೆ ಊರು ಸನ್ಮಾನ ಮಾಡುತ್ತದಲ್ಲ ಎಂದು ಶಿವರುದ್ರಮ್ಮನ ಮುಂದೆ ಕೂಗಾಡಿದೆ. ಆಮೇಲೆ ನಿನ್ನೆ ಬಂದು, ನನ್ನ ಹೊಗಳೋದು ಬ್ಯಾಡ, ಪಾಠ ಮಾಡಿದಂಗೆ ಮಾತಾಡಿ ಎಂದಳು. ಅಧ್ಯಕ್ಷರು ಪಕ್ಕದಲ್ಲೇ ಕೂತಿರ್ತಾರೆ ಎಂದಳು.

ಒಂದು ನಿಮಿಷ.

ಅಧ್ಯಕ್ಷರೇ, ತಪ್ಪು ತಿಳಿಯಬಾರದು. ಸಭೆಗಳಲ್ಲಿ ತಾವು ಕಣ್ಣು ಮುಚ್ಚಿಕೊಂಡೇ ಭಾಷಣ ಕೇಳುವವರು. ಇವತ್ತು ತಾವು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಿದ್ದೀರಿ. ಯಾವಾಗಿನಿಂದ ತಿರುಗಿಸಿಕೊಂಡಿರಿ, ನಾನು ಗಮನಿಸಲೇ ಇಲ್ಲ.

ಉಷಾ, ಇದೇ ಏನಮ್ಮ ನೀನು ತಡೀರಿ ಅಂದದ್ದು? ಈ ಮೈಕು, ಈ ಸಭೆ, ಪಕ್ಕದಲ್ಲಿ ಅಧ್ಯಕ್ಷರು? ನಿನ್ನ ಸನ್ಮಾನದ ದಿನ ನನಗೆ ಪಾಠ ಮಾಡಲು ಹಚ್ಚಿ, ಇವರ ಕಿವಿಗೆ ಬೀಳುವ ಹಾಗೆ ಮಾಡಿದೆಯಾ? ತಲೆ ತಗ್ಗಿಸಿಕೊಂಡು ಹಾರದ ಹೂವು ಕೀಳುತ್ತಾ ಕುಳಿತಿದ್ದೀಯಲ್ಲ, ಮೇಲೆ ನೋಡಬಾರದೇ?

ಸಭಿಕರೇ, ಇವಳ ಅಂಗಡಿಯ ಮೇಲೆ, ಕಂಪ್ಯೂಟರಿನ ಮೇಲೆ, ಮೈಸೂರುಪಾಕಿನ ಮೇಲೆ ಇಷ್ಟು ದಿನ ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ಇದನ್ನೂ ನನಗಿಂತ ಚೆನ್ನಾಗಿ ಮಾಡಿದಳಲ್ಲ! ಇವಳ ಜಾಗದಲ್ಲಿ ನಾನಿದ್ದು, ನನ್ನ ಜಾಗದಲ್ಲಿ ಇವಳಿದ್ದರೆ ನಾನು ಮೈಕು ಬಿಟ್ಟುಕೊಡುತ್ತಿರಲಿಲ್ಲ. ಇವಳ ದೊಡ್ಡ ಮನಸ್ಸಿನ ಮೇಲೆಯೇ ಈಗ ನನ್ನ ಹೊಟ್ಟೆ ಉರಿಯುತ್ತಿದೆ. ಶಿವರುದ್ರಮ್ಮ, ನೀನು ಹೇಳಿದ್ದು ಸರಿ ಕಣೇ, ಮೈಕಿನಲ್ಲಿ ಎಲ್ಲಾ ಗೊತ್ತಾಗುತ್ತದೆ.

ಬೆಟ್ಟದಪುರದ ಕೆಲಸ ಕೊಡುವುದು ಬಿಡುವುದು ಅಧ್ಯಕ್ಷರ ಇಷ್ಟ. ನಾನು ಪಾಠ ಮಾಡಿದ್ದಾಯಿತು. ಸನ್ಮಾನಿತರಿಗೆ ಅಭಿನಂದನೆ ಹೇಳುವುದನ್ನೇ ಮರೆತಿದ್ದೆ, ಈಗ ಹೇಳಿದ್ದೇನೆ ಎಂದು ತಿಳಿಯಿರಿ. ಕರೆದ ಸಂಘಕ್ಕೂ ಹಸಿವು ತಡೆದುಕೊಂಡು ಕೇಳಿದ ನಿಮಗೂ ಋಣಿಯಾಗಿದ್ದೇನೆ. ನಾಳೆಯಿಂದ ಫೋಟೋಗೆ ನನ್ನ ಮೆಟ್ಟಿಲಿಗೆ ಯಾರು ಬೇಕಾದರೂ ಬನ್ನಿ. ಗೋಡೆಗೆ ಬೆನ್ನು ಒರಗಿಸಬೇಡಿ, ಈ ಸಲ ಸುಣ್ಣ ನಾನೇ ಹೊಡೆದಿದ್ದೇನೆ. ಫೋಟೋ ತೆಗೆಸಿಕೊಂಡ ಮೇಲೆ ಇನ್ನು ನಾಲ್ಕು ಮೆಟ್ಟಿಲು ಹತ್ತಿ ಬಂದು ನನ್ನನ್ನೂ ಮಾತನಾಡಿಸಿಕೊಂಡು ಹೋಗಿ.

ನಮಸ್ಕಾರ.