ಫೋಟೋದಲ್ಲಿ ಇಲ್ಲದ ಕನ್ನಡಕ

ಗರಿಯಾಹಾಟ್‌ನ ಬಸ್ ನಿಲ್ದಾಣದಲ್ಲಿ, ಬಂಗಾಳಿ ಮಾತುಗಳ ನಡುವೆ, ಬೆನ್ನ ಹಿಂದೆ ಕನ್ನಡ ಕೇಳಿಸಿದ್ದೇ ತಡ, ಬ್ಯಾಂಕಿನಿಂದ ಮನೆಗೆ ಹೊರಟಿದ್ದ ಗುಲಾಬಿಯ ಕಿವಿ ನೆಟ್ಟಗಾಯಿತು. ಕೊರಳಲ್ಲಿ ಯಾವುದೋ ಐಟಿ ಕಂಪನಿಯ ಐಡಿ ಕಾರ್ಡು ತೂಗುತ್ತಿದ್ದ ತಾಯಿಯೊಬ್ಬಳು, ಆರೇಳು ವರ್ಷದ ಮಗಳ ಮುಂದೆ ಹೊಸ ಕನ್ನಡಕ ಹಿಡಿದು ಗೋಗರೆಯುತ್ತಿದ್ದಳು.

“ಹಾಕ್ಕೋ ಚಿನ್ನಾ, ಡಾಕ್ಟರ್ ಹೇಳಿಲ್ವಾ?”

“ಬೇಡಮ್ಮಾ. ಕಥೇಲಿ ಯಾವ ಪ್ರಿನ್ಸೆಸ್ಸೂ ಕನ್ನಡಕ ಹಾಕಲ್ಲ.”

“ಅದಕ್ಕೇ ಅವಳು ಕಪ್ಪೆಗೆ ಮುತ್ತು ಕೊಟ್ಟಿದ್ದು. ಕಣ್ಣೇ ಕಾಣ್ತಿರಲಿಲ್ಲ.”

ಗುಲಾಬಿ ನಗು ನುಂಗಿಕೊಂಡಳು. ಮಗು ನಗಲಿಲ್ಲ.

“ಹಾಕ್ಕೊಂಡ್ರೆ ನಾನು ಚೆನ್ನಾಗಿ ಕಾಣಲ್ಲ.”

“ಯಾರು ಹೇಳಿದ್ದು? ನಾನು ದಿನಾ ಹಾಕ್ಕೊಳಲ್ವಾ? ನಾನು ಚೆನ್ನಾಗಿಲ್ವಾ?”

“ಚೆನ್ನಾಗಿದೀಯ. ಮತ್ತೆ ಈಗ್ತಾನೆ ಸ್ಟುಡಿಯೋದಲ್ಲಿ ಫೋಟೋಗೆ ಯಾಕೆ ತೆಗೆದಿಟ್ಟೆ?”

ತಾಯಿ ಮೂಗಿನ ಮೇಲಿದ್ದ ತನ್ನ ಕನ್ನಡಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಅಮ್ಮಾ, ನಮ್ಮ ಬಸ್ಸು!”

“ಹೋಗ್ಲಿ ಬಿಡು. ನಡಿ, ಇನ್ನೊಂದು ಫೋಟೋ ತೆಗೆಸ್ಕೊಂಡು ಬರೋಣ.”

“ಕನ್ನಡಕ ಹಾಕ್ಕೊಂಡಾ?”

“ಹೂಂ. ಮೊದಲು ನಾನು. ನಿಂಗೆ ಇಷ್ಟ ಆದ್ರೆ ನೀನೂ.”

ಇಬ್ಬರೂ ಕೈ ಹಿಡಿದುಕೊಂಡು ಸೀರೆ ಅಂಗಡಿಗಳ ಗದ್ದಲದತ್ತ ಹೊರಟರು. ಗುಲಾಬಿ ಕತ್ತು ಉದ್ದ ಮಾಡಿ ನೋಡಿದಳು. ರಸ್ತೆ ದಾಟುವ ಮೊದಲೇ ಹೊಸ ಕನ್ನಡಕ ಮಗುವಿನ ಮೂಗೇರಿತ್ತು.